ಎಂಟನೆಯ ಲ್ಯಾಬು

“ಎಸಿ ಕೆಟ್ಟಿತ್ತು ಅಂತ ಒಂದೇ ಒಂದು ಸಾಲು ಬರೆದುಕೊಡು ತಾಯಿ. ಮಿಕ್ಕಿದ್ದನ್ನ ನಾನು ನೋಡ್ಕೊಳ್ತೀನಿ,” ಎಂದರು ಮೇಷ್ಟ್ರು. ಬಸ್ಸಿಳಿದವರು ಹೋಟೆಲಿಗೂ ಹೋಗದೆ ನೇರ ಲ್ಯಾಬಿಗೇ ಬಂದಿದ್ದರು. ಕುರ್ಚಿಯಲ್ಲಿ ಕೂತಿದ್ದರೂ ಹೆಗಲ ಚೀಲ ಇಳಿಸಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆ ಕೋಣೆಯ ಎಸಿ ಬಹಳ ದಿನದಿಂದ ಗೋಡೆಗೊಂದು ಅಲಂಕಾರವಾಗಿತ್ತು. ಫ್ಯಾನು ತಿರುಗುತ್ತಿದ್ದದ್ದು ಇರುವ ಸೆಕೆಯನ್ನು ಎಲ್ಲರಿಗೂ ಸಮನಾಗಿ ಹಂಚುವುದಕ್ಕೆ.

ಅವಳು ಆ ಲ್ಯಾಬಿನ ಮುಖ್ಯಸ್ಥೆ, ಮೇಷ್ಟ್ರ ಹಳೆಯ ಶಿಷ್ಯೆ. ಯಾವ ಪರೀಕ್ಷೆಯನ್ನೂ ಒಂದೇ ಸಲಕ್ಕೆ ನಂಬುವವಳಲ್ಲ. ಕೈಕೆಳಗಿನವರು ಬೆನ್ನ ಹಿಂದೆ ಅವಳನ್ನು ಕರೆಯುತ್ತಿದ್ದದ್ದು ‘ಇನ್ನೊಂದ್ಸಲ ಅಕ್ಕ’ ಎಂದೇ. ಆ ಚಾಳಿ ಕಲಿಸಿದವರೂ ಇದೇ ಮೇಷ್ಟ್ರು.

ಕಡಲ ನೀರು ಕೆಟ್ಟಾಗ ಚಿಪ್ಪುಮೀನಿನೊಳಗೆ ಸೇರುವ ವಿಷ ಬೇಯಿಸಿದರೂ ಹೋಗುವುದಿಲ್ಲ. ಅದನ್ನು ಪತ್ತೆ ಮಾಡಲು ಇಲಿಗೆ ಸೂಜಿ ಚುಚ್ಚಿ, ಅದು ಸಾಯುತ್ತದೋ ಇಲ್ಲವೋ ಎಂದು ಕಾಯುವುದು ಹಳೆಯ ಪದ್ಧತಿ. ಲ್ಯಾಬಿನಿಂದ ಉತ್ತರ ಬರುವಷ್ಟರಲ್ಲಿ ಮಾಲು ಮಾರಾಟವಾಗಿ, ಜನ ಉಂಡು, ಆಗಬಾರದ್ದು ಆಗಿ ಹೋಗಿರುತ್ತಿತ್ತು. ಮೇಷ್ಟ್ರು ಆಯುಸ್ಸು ಸವೆಸಿ ಒಂದು ಕಾಗದದ ಪಟ್ಟಿ ಮಾಡಿದ್ದರು. ದೋಣಿ ಬಂದು ನಿಂತ ಜಾಗದಲ್ಲೇ ಚಿಪ್ಪುಮೀನು ಅರೆದು ಮಾಡಿದ ದ್ರಾವಣಕ್ಕೆ ಅದ್ದಿ ನೋಡಬಹುದು. ವಿಷವಿದ್ದರೆ ಒಂದು ಗೆರೆ, ಇಲ್ಲದಿದ್ದರೆ ಎರಡು. ಅದಕ್ಕೆ ಒಪ್ಪಿಗೆ ಸಿಗಬೇಕಾದರೆ ಎಂಟು ಊರಿನ ಎಂಟು ಲ್ಯಾಬುಗಳು ಅವೇ ಮಾದರಿಗಳನ್ನು ಪರೀಕ್ಷಿಸಬೇಕು. ಸೀಸೆಗಳ ಮೇಲೆ ಬರೀ ನಂಬರು. ಯಾವುದರಲ್ಲಿ ವಿಷ ಎಂದು ಯಾರಿಗೂ ಗೊತ್ತಿಲ್ಲ, ಒಬ್ಬರು ಇನ್ನೊಬ್ಬರನ್ನು ಕೇಳುವಂತೆಯೂ ಇಲ್ಲ. ಕೊನೆಗೆ ಗುಟ್ಟು ಬಿಚ್ಚಿದಾಗ ಏಳು ಲ್ಯಾಬುಗಳ ಉತ್ತರ ಸರಿಯಾಗಿತ್ತು. ಇವಳ ಲ್ಯಾಬು ಮಾತ್ರ ವಿಷದ ಸೀಸೆಗಳಿಗೂ ‘ವಿಷವಿಲ್ಲ’ ಎಂದಿತ್ತು. ತಮ್ಮಲ್ಲೇ ದೋಷವಿತ್ತೆಂದು ಲ್ಯಾಬಿನವರು ಬರೆದುಕೊಟ್ಟರೆ ಮಾತ್ರ ಆ ಉತ್ತರವನ್ನು ಲೆಕ್ಕದಿಂದ ಬಿಡಬಹುದಿತ್ತು.

“ನಾನೇನು ಸುಳ್ಳು ಬರಿ ಅಂತಿದೀನಾ? ಎಸಿ ಕೆಟ್ಟಿರೋದು ನಿಜ ತಾನೇ?”

“ನಿಜ ಸರ್.”

“ಮತ್ತಿನ್ನೇನು?”

ಅವಳಿಗೆ ಉಂಡ ಮನೆಗೆ ಎರಡು ಬಗೆಯುತ್ತಿದ್ದೇನೆ ಅನ್ನಿಸಿ ಸಂಕಟವಾಯಿತು. ಅಪ್ಪ ತೀರಿಕೊಂಡ ವರ್ಷ ಓದು ಬಿಡುತ್ತೇನೆಂದು ಮೂಲೆ ಹಿಡಿದು ಕೂತವಳನ್ನು ಬೈದು ಕಾಲೇಜಿಗೆ ಎಳೆದು ತಂದ ಮನುಷ್ಯ ಇವರು. ಒಂದು ಸಾಲು ಬರೆದರೆ ಅವಳ ಗಂಟೇನೂ ಹೋಗುವುದಿಲ್ಲ. ಆದರೆ ಆ ಸಾಲು ಬರೆದ ಮೇಲೆ ಯಾವ ಬಂದರಿನಲ್ಲಿ ಯಾರು ಏನು ತಿನ್ನುತ್ತಾರೋ ಎಂಬ ಯೋಚನೆ ಮೂರು ದಿನದಿಂದ ಅವಳಿಗೆ ತುತ್ತು ಇಳಿಯಲು ಬಿಟ್ಟಿರಲಿಲ್ಲ.

“ಪಟ್ಟಿ ಅದ್ದೋ ಮುಂಚೆ ದ್ರಾವಣಾನ ಕೋಣೆಯ ಉಷ್ಣತೆಯಲ್ಲಿ ಅರ್ಧ ಗಂಟೆ ಇಡಿ ಅಂತ ಸೂಚನೇಲಿ ನೀವೇ ಬರೆದಿದೀರಿ,” ಎಂದಳು. “ಯಾವ ಕೋಣೆ ಸರ್ ಅದು?”

“ಯಾವ ಕೋಣೆ ಅಂದ್ರೆ? ಲ್ಯಾಬು ಕಣಮ್ಮ. ನನ್ನ ಲ್ಯಾಬು, ಅವರ ಲ್ಯಾಬು, ಎಲ್ಲಾ ಒಂದೇ.”

“ಬಂದರಿನಲ್ಲಿ ಇಲ್ಲಿನಷ್ಟೇ ಸೆಕೆ ಇರುತ್ತೆ ಸರ್.”

ಮೇಷ್ಟ್ರ ಮುಖ ಕೆಂಪಾಯಿತು. “ನನಗೇ ಪಾಠ ಹೇಳೋ ಹಾಗಾದ್ಯಾ?” ಎಂದು ಗದರಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲಿಗಳನ್ನು ಉಳಿಸಲು ಹೊರಟವರಿಗೂ ಆ ಗಾದೆ ತಪ್ಪಿದ್ದಲ್ಲ. ಅವಳು ವಾದಕ್ಕೆ ಇಳಿಯಲಿಲ್ಲ. ಮಿಕ್ಕಿದ್ದ ವಿಷದ ಸೀಸೆಯನ್ನೂ ಹೊಸ ಪಟ್ಟಿಗಳನ್ನೂ ತಂದು ಅವರ ಮುಂದಿಟ್ಟು, “ನೀವೇ ಮಾಡಿ ಸರ್,” ಎಂದಳು.

ಮೇಷ್ಟ್ರು ಚೀಲ ಇಳಿಸಿ, ಕೈಗವಸು ತೊಟ್ಟು, ಅಳೆದು ಬೆರೆಸಿ ಇಟ್ಟರು. ಅರ್ಧ ಗಂಟೆ ಕಾದರು. ಅವಳು ಕೊಟ್ಟ ನೀರನ್ನು ಅವರು ಮುಟ್ಟಲಿಲ್ಲ. ಅದ್ದಿದ ಪಟ್ಟಿಯ ಮೇಲೆ ಎರಡು ಗೆರೆಗಳು ಸ್ಪಷ್ಟವಾಗಿ ಮೂಡಿದವು.

“ಇನ್ನೊಂದ್ಸಲ,” ಎಂದರು ಮೇಷ್ಟ್ರು.

ಈ ಸಲ ಅವಳು ದ್ರಾವಣವನ್ನು ಎರಡು ಕೊಳವೆಗಳಲ್ಲಿ ಮಾಡಿಸಿದಳು. ಒಂದನ್ನು ಮೇಜಿನ ಮೇಲೆ ಬಿಟ್ಟಳು, ಇನ್ನೊಂದನ್ನು ತಣ್ಣೀರಿನ ಮಗ್ಗಿನಲ್ಲಿ ನಿಲ್ಲಿಸಿದಳು. ಮೇಜಿನದು ಮತ್ತೆ ಎರಡು ಗೆರೆ ತೋರಿಸಿತು. ಮಗ್ಗಿನದು ಒಂದೇ.

ಮೇಷ್ಟ್ರು ಎರಡು ಪಟ್ಟಿಗಳನ್ನೂ ಕಣ್ಣಿನ ಹತ್ತಿರ ಹಿಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಗೆದ್ದೆನೆಂಬ ಸಮಾಧಾನ ಅವಳಿಗೆ ಒಂದು ಚೂರೂ ಇರಲಿಲ್ಲ, ಅಳು ಬರುತ್ತಿತ್ತು. ಈ ಇಳಿವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಲು ಅವರಲ್ಲಿ ಶಕ್ತಿ ಎಲ್ಲಿದೆ?

“ಬರೆದುಕೊಡ್ಲಾ ಸರ್?” ಎಂದು ಕೇಳಿಯೇಬಿಟ್ಟಳು.

ಮೇಷ್ಟ್ರು ಜೇಬಿನಿಂದ ಫೋನು ತೆಗೆದು, ಎಂಟೂ ಲ್ಯಾಬುಗಳ ಲೆಕ್ಕ ನೋಡುವ ಅಧಿಕಾರಿಗೆ ಹಚ್ಚಿದರು.

“ನಾನಪ್ಪ. ಎಂಟನೇ ಲ್ಯಾಬಿನ ಉತ್ತರ ಹಾಗೇ ಇರಲಿ, ಮುಟ್ಟಬೇಡಿ.” ಆ ಕಡೆಯವರು ಏನೋ ಕೇಳಿದರು. ಮೇಷ್ಟ್ರು ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡರು.

“ಹೌದು, ದೋಷ ಇತ್ತು. ಬರೆದುಕೊಳ್ಳಿ: ಮಿಕ್ಕ ಏಳೂ ಲ್ಯಾಬುಗಳಲ್ಲಿ ಎಸಿ ಚೆನ್ನಾಗಿ ಕೆಲಸ ಮಾಡ್ತಿತ್ತು.”