ಬಾಜೂಕ ಕುಂತಾಕಿ

ಕಬ್ಬಿಣದ ಹಣಿಗೆ ಎತ್ತಿ ನೂಲಿಗೆ ಬಡಿಯುವಾಗ ರೇಷ್ಮಾಬಿಯ ಅಂಗಿಯ ಉದ್ದ ತೋಳು ಮೊಣಕೈ ದಾಟಿ ಜಾರಿತು. ಹಿಂದೆ ನೂಲಿನ ಉಂಡೆ ತರುತ್ತಿದ್ದ ಮೈಲಾರವ್ವ ಅಲ್ಲೇ ನಿಂತಳು.

"ಅಯ್ಯ ನಮ್ಮವ್ವಾ! ಈಕಿಗೂ ಹತ್ತೇತಿ ನೋಡ್ರಿ!"

ಮೊಣಕೈ ಮೇಲೆ ರೂಪಾಯಿಯಗಲದ ಕೆಂಪು ಕಲೆ. ಅದರ ಮೇಲೆ ಬಿಳಿ ಹೊಟ್ಟು. ಶೆಡ್ಡಿನ ಹೆಂಗಸರೆಲ್ಲ ಮಗ್ಗ ಬಿಟ್ಟು ಎದ್ದು ಬಂದರು. ರೇಷ್ಮಾಬಿಯನ್ನು ಒಮ್ಮೆ ನೋಡಿದರು. ಆಮೇಲೆ ಎಲ್ಲರೂ ಅವಳ ಪಕ್ಕದಲ್ಲಿ ಕೂತಿದ್ದ ಮಾಬುಬಿಯನ್ನೇ ನೋಡಿದರು.

ಮಾಬುಬಿಗೆ ಸೋರಿಯಾಸಿಸ್ ಇದ್ದದ್ದು ನವಲಗುಂದದ ಆ ಓಣಿಗೆಲ್ಲ ಗೊತ್ತಿತ್ತು. ಮುಚ್ಚಿಡುವ ಜಾಗದಲ್ಲಿ ಅದು ಬಂದಿರಲಿಲ್ಲ. ಎರಡೂ ಮುಂಗೈ, ಕತ್ತು, ಹಣೆಯ ಅಂಚು. ಆರು ವರ್ಷದ ಹಿಂದೆ ಗಂಡ ಅದನ್ನು ನೋಡಿಯೇ ಬೇರೆ ಮನೆ ಮಾಡಿದ್ದ. ಉಳಿದದ್ದು ಹಜರತಅಲಿಯ ಶೆಡ್ಡಿನಲ್ಲಿ ಜಮಖಾನೆ ನೇಯುವ ಕೆಲಸ. ಅದೂ ಅರ್ಧಂಬರ್ಧ. ಒಂದು ಮಗ್ಗಕ್ಕೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಅವಳ ಭುಜಕ್ಕೆ ತಾಗಿ ಕೂರಲು ಯಾರೂ ಒಪ್ಪುತ್ತಿರಲಿಲ್ಲ.

ಹುಬ್ಬಳ್ಳಿ ದವಾಖಾನೆಯ ಡಾಕ್ಟರಮ್ಮ ಎಲ್ಲ ಬಿಡಿಸಿ ಹೇಳಿದ್ದರು.

"ಇದು ಹತ್ತೂ ರೋಗ ಅಲ್ಲವ್ವಾ. ರೋಗದ ಜೋಡಿ ಹೊಡದಾಡಬೇಕಾದ ಶಕ್ತಿ ದಾರಿ ತಪ್ಪಿ ನಿನ್ನ ಚರ್ಮದ ಮ್ಯಾಲ ಬಿದ್ದೈತಿ. ತಿಂಗಳದಾಗ ಬೆಳೀಬೇಕಾದ ಚರ್ಮ ನಾಕೈದು ದಿನದಾಗ ಬೆಳದು ಉದರತೈತಿ. ನಿಂದು ದಪ್ಪ ಪೊರಿ ಕಟ್ಟೂ ನಮೂನಿದು. ಕೆಲವರಿಗೆ ಮೈತುಂಬ ಹನಿಹನಿ ಏಳತಾವು, ಕೆಲವರಿಗೆ ಅಂಗೈ ಅಂಗಾಲು ಸೀಳತಾವು, ಕೀವಿನ ಗುಳ್ಳಿನೂ ಬರತಾವು. ಉಗುರು, ಕೀಲು ಹಿಡಕೊಂಡು ಕಾಡೂದೂ ಐತಿ. ವಂಶದಾಗ ಇದ್ರ ಬರತೈತಿ, ಚಿಂತಿಗೆ ಹೆಚ್ಚಾಗತೈತಿ."

"ಪೂರ್ತಿ ಹೋಗತೈತೇನ್ರಿ?"

"ಇಲ್ಲವ್ವಾ. ಹತೋಟಿಯಾಗ ಇಡಬಹುದು, ಅಷ್ಟ."

ಅಂಟುರೋಗವಲ್ಲ ಎಂದು ಚೀಟಿಯನ್ನೂ ಬರೆದುಕೊಟ್ಟಿದ್ದರು. ಶೆಡ್ಡಿನಲ್ಲಿ ಯಾರೂ ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಅದನ್ನು ಕೊಡುತ್ತಿದ್ದ ಕೈ ಅವಳದಾಗಿತ್ತು.

ಹೋದ ವರ್ಷ ಬಕ್ರೀದ್ ಮುಗಿದ ವಾರ ಅಣ್ಣಿಗೇರಿಯ ರೇಷ್ಮಾಬಿ ಕೆಲಸಕ್ಕೆ ಸೇರಿದಳು. ಮೂರು ಮಗ್ಗಗಳಲ್ಲಿ ಜಾಗ ಖಾಲಿ ಇತ್ತು. ಅವಳು ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಮ್ಮೆ ನೋಡಿದಳು. ನೆಟ್ಟಗೆ ಬಂದು ಮಾಬುಬಿಯ ಪಕ್ಕ ಕೂತಳು.

"ನಿನಗ ಹೆದರಿಕಿ ಇಲ್ಲೇನು?" ಮಾಬುಬಿಯೇ ಕೇಳಿದ್ದಳು.

"ಹತ್ತೂದಿಲ್ಲ ಆಪಾ. ನನಗ ಗೊತ್ತೈತಿ."

"ಯಾರ್ ಹೇಳಿದ್ರು?"

"ಯಾರು ಯಾಕ ಹೇಳಬೇಕು?"

ಅಂದು ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದರು. ಮೈ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಸವರಬೇಕು, ಕೆರೆದ ಜಾಗದಲ್ಲಿ ಹೊಸದು ಏಳುತ್ತದೆ ಎಂದು ರೇಷ್ಮಾಬಿ ಹೇಳಿಕೊಟ್ಟಳು. ಮನೆಗೆ ಹೋಗಿ ಮಾಬುಬಿ ಅತ್ತಳು. ಐದು ವರ್ಷದ ಮೇಲೆ ಒಬ್ಬರು ಅವಳ ಕೈ ಹಿಡಿದು ಎಣ್ಣೆ ಸವರಿದ್ದರು.

ಈಗ ಮೈಲಾರವ್ವ ಶೆಡ್ಡಿನ ನಡುವೆ ನಿಂತು ಕೂಗುತ್ತಿದ್ದಳು. "ಹತ್ತೂದಿಲ್ಲ ಅಂತ ಚೀಟಿ ತೋರಿಸ್ತಿದ್ದಿ. ಹಂಗಾರ ಇಕಿಗೆ ಹೆಂಗ ಬಂತು, ಹೇಳು?"

ಮಾಬುಬಿ ರೇಷ್ಮಾಬಿಯ ಮುಖ ನೋಡಿದಳು. ಹತ್ತೂದಿಲ್ಲ ಎಂದು ಅವಳೊಮ್ಮೆ ಹೇಳಿದರೆ ಸಾಕಿತ್ತು.

ರೇಷ್ಮಾಬಿ ತಲೆ ತಗ್ಗಿಸಿ ಅಳುತ್ತಿದ್ದಳು. "ಆಪಾಗ ಏನೂ ಅನಬ್ಯಾಡ್ರಿ. ಬಾಜೂಕ ಹೋಗಿ ಕುಂತಾಕಿ ನಾನ."

ಅಲ್ಲಿಗೆ ಮಾತು ಮುಗಿಯಿತು.

ಹಜರತಅಲಿ ಕೆಟ್ಟವನಲ್ಲ. ಮಾಬುಬಿಯನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದು ಮೆಲ್ಲಗೆ ಹೇಳಿದ. "ಇಷ್ಟು ದಿನ ನಾ ಯಾರ ಮಾತೂ ಕೇಳಲಿಲ್ಲವ್ವಾ. ಈಗ ಕಣ್ಣಿಗೆ ಕಂಡ ಮ್ಯಾಲ ಏನ್ ಮಾಡ್ಲಿ? ನೀ ಇದ್ರ ಉಳಿದಾವರು ಕೂಡಂಗಿಲ್ಲ ಅಂತಾರ."

"ರೇಷ್ಮಾ?"

"ಅಕಿದು ಈಗ ಸುರು ಆಗೇತಿ. ನೀ ದೂರಾದ್ರ ಕಡಿಮಿ ಆಗತೈತಿ ಅಂತಾರ. ಅಕಿಗೆ ಹದಿನೈದು ದಿನ ತವರಿಗೆ ಹೋಗಿ ಬಾ ಅಂದೇನಿ."

ಮಾಬುಬಿ ಹತ್ತೊಂಬತ್ತು ವರ್ಷ ನೇಯ್ದ ಜಾಗಕ್ಕೆ ಹಿಂತಿರುಗಿ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು.

ಆ ವಾರ ಅವಳ ನಂಬಿಕೆಯೂ ಕುಸಿಯಿತು. ಡಾಕ್ಟರಮ್ಮನ ಮಾತು ಎಷ್ಟೆಂದರೂ ಮಾತು; ರೇಷ್ಮಾಬಿಯ ಮೊಣಕೈಯನ್ನು ಅವಳು ಕಣ್ಣಾರೆ ಕಂಡಿದ್ದಳು. ಚೀಟಿ ಹರಿದು ಒಲೆಗೆ ಹಾಕಿದಳು. ಪಕ್ಕದ ಮನೆಯ ಕೂಸು ಅಂಬೆಗಾಲಿಟ್ಟು ಬಂದರೆ ಬಾಗಿಲು ಹಾಕಿಕೊಂಡಳು. ಕೈಯ ಕಲೆಗಳು ತೋಳಿಗೆ ಏರಿದವು, ಬೆರಳ ಸಂದಿ ಸೀಳಿ ರಕ್ತ ಜಿನುಗಿತು. ಆಗಲಿ ಎಂದುಕೊಂಡಳು. ಮುಟ್ಟಿದ ಒಬ್ಬಳೇ ಒಬ್ಬಳಿಗೂ ತನ್ನ ಪಾಪ ಅಂಟಿಸಿದ ಮೇಲೆ ಇದು ಯಾವ ಲೆಕ್ಕ?

ಹತ್ತನೇ ದಿನ, ತನಗೆಂದು ಇಟ್ಟುಕೊಂಡಿದ್ದ ಎರಡು ಮುಲಾಮಿನ ಟ್ಯೂಬು ತೆಗೆದುಕೊಂಡು ಅಣ್ಣಿಗೇರಿಯ ಬಸ್ಸು ಹತ್ತಿದಳು. ಕೇಳುತ್ತ ಕೇಳುತ್ತ ಮನೆ ಹುಡುಕಿದಳು. ರೇಷ್ಮಾಬಿ ಪೇಟೆಗೆ ಹೋಗಿದ್ದಳು. ಅವಳ ತಾಯಿ ಬಾಗಿಲು ತೆರೆದಳು. ಮಾಬುಬಿಯ ಮುಂಗೈ ಕಂಡರೂ ಮುದುಕಿ ಹಿಂದೆ ಸರಿಯಲಿಲ್ಲ; ಒಳಗೆ ಕರೆದು ಚಾಪೆ ಹಾಸಿದಳು.

ಮಾಬುಬಿ ಕೂರದೆ ಮುದುಕಿಯ ಕಾಲ ಬಳಿ ಕುಸಿದಳು. "ನನ್ನ ಮಾಫ್ ಮಾಡ್ರಿ ಅಮ್ಮಾ. ನಿಮ್ಮ ಮಗಳಿಗೆ ಇದು ನನ್ನಿಂದ ಹತ್ತೇತಿ."

"ನಿನ್ನಿಂದ?" ಮುದುಕಿ ಅವಳನ್ನು ಎಬ್ಬಿಸಿದಳು. "ಹುಚ್ಚಿ ಅದಿ ಏನ? ರೇಷ್ಮಾಗ ಹನ್ನೊಂದನೇ ವರ್ಷದಾಗ ಬಂದದ್ದಿದು. ಅಕಿ ಅಪ್ಪನ ಅಪ್ಪ, ದಾದಾಗೂ ಇತ್ತು. ಕುಂದಗೋಳದಾಗ ಹೊಲಿಗಿ ಕೆಲಸದಿಂದ ಬಿಡಿಸಿದ್ರು, ಗದಗಿನ್ಯಾಗೂ ಬಿಡಿಸಿದ್ರು. ಎಲ್ಲೆ ಹೋದ್ರೂ ಯಾರರೆ ನೋಡತಾರ ಅನ್ನೂ ಜೀವಭಯ ಅಕಿಗೆ."

ಮಾಬುಬಿ ಚಾಪೆಯ ಮೇಲೆ ಕೂತಳು. ಮುದುಕಿ ಚಹ ತಂದು ಅವಳ ಕೈಗಿಟ್ಟು, ಮಗಳ ಒಳ್ಳೆಯ ದಿನ ನೆನೆದು ನಕ್ಕಳು.

"ನವಲಗುಂದಕ್ಕ ಸೇರಿದ ದಿನ ಫೋನ್ ಮಾಡಿ ಎಷ್ಟು ಖುಷಿಪಟ್ಟಿದ್ಲವಾ! 'ಅಮ್ಮಾ, ಇಲ್ಲೊಬ್ಬಾಕಿಗೆ ಎಲ್ಲಾರಿಗೂ ಕಾಣೂಹಂಗ ಐತಿ, ಅಕಿ ಬಾಜೂಕನ ಜಾಗಾ ಹಿಡದೇನಿ, ಇನ್ಮ್ಯಾಲ ನಂದು ಯಾರರೆ ನೋಡಿದ್ರೂ ನನ್ನ ಕೆಲಸ ಹೋಗೂದಿಲ್ಲ' ಅಂತ."