ಮೂರನೇ ಸ್ಯಾಂಪಲ್

ಕುಕ್ಕಪ್ಪ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದ. ನುಸೈಬಾ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ತನ್ನದೇ ವರ್ಕ್‌ಶಾಪಿನಲ್ಲಿ ಕಳ್ಳಿಯ ಹಾಗೆ ನಿಲ್ಲಬೇಕಾಗಿ ಬಂತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಪುತ್ತೂರಿನ ಆ ವರ್ಕ್‌ಶಾಪಿನಲ್ಲಿ ತಯಾರಾಗುತ್ತಿದ್ದದ್ದು ಒಂದೇ ವಸ್ತು. ರಬ್ಬರ್ ಶೀಟಿಗೆ ಹೊಗೆ ಹಾಕುವ ಕೋಣೆ ಅತಿಯಾಗಿ ಕಾದರೆ ಮನೆಯೊಳಗೆ ಗಂಟೆ ಬಾರಿಸುವ ವೈರ್‌ಲೆಸ್ ಅಲಾರಂ. ಐವರ್ನಾಡಿನ ಬೆಳೆಗಾರರ ಗುಂಪೊಂದು ನೂರು ಅಲಾರಂ ಕೇಳಿತ್ತು. ಆದರೆ ಸರ್ಕಾರದ ಒಪ್ಪಿಗೆಪತ್ರವನ್ನು ಈ ತಿಂಗಳೊಳಗೆ ತೋರಿಸಬೇಕು. ಇಲ್ಲದಿದ್ದರೆ ಆರ್ಡರ್ ಬೇರೆಯವರಿಗೆ. ಆರ್ಡರ್ ಹೋದರೆ ವರ್ಕ್‌ಶಾಪಿನ ಶಟರ್ ಎಳೆಯುವುದೇ ಸೈ.

ಒಳಗಿದ್ದು ಸಿಗ್ನಲ್ ಕಳಿಸುವ ರೇಡಿಯೋ ಮಾಡ್ಯೂಲಿಗೆ ಅದರ ಕಂಪೆನಿಯವರು ಮೊದಲೇ ಸರ್ಟಿಫಿಕೇಟ್ ಮಾಡಿಸಿದ್ದರು. ಅಷ್ಟು ಸಾಕೆಂದು ನುಸೈಬಾ ನೆಮ್ಮದಿಯಲ್ಲಿದ್ದಳು.

"ಅದು ಮಾಡ್ಯೂಲಿಗೆ ಮಾತ್ರ ಮೇಡಂ. ನಿಮ್ಮ ಡಬ್ಬಿಯೊಳಗೆ ಕೂರಿಸಿದ ಮೇಲೆ ಇನ್ನೊಮ್ಮೆ ಟೆಸ್ಟ್ ಆಗಬೇಕು," ಎಂದರು ಬೆಂಗಳೂರಿನ ಲ್ಯಾಬಿನವರು.

ಅದೂ ಆಗಿಬಿಡಲಿ ಎಂದು ಸ್ಯಾಂಪಲ್ ಕಳಿಸಿದಳು. ಫೇಲ್. ಸಿಗ್ನಲಿನ ಬಲ ಸರ್ಕಾರ ಹಾಕಿದ ಮಿತಿಗಿಂತ ಹೆಚ್ಚು.

ಸಾಫ್ಟ್‌ವೇರಿನಲ್ಲಿ ಬಲ ತಗ್ಗಿಸಿ ಮತ್ತೊಂದು ಕಳಿಸಿದಳು. ಮತ್ತೆ ಫೇಲ್, ಈ ಸಲ ಬಲ ಮೊದಲಿಗಿಂತಲೂ ಹೆಚ್ಚು! ಇಳಿಸಿದಷ್ಟೂ ಏರುವುದೆಂದರೆ ಇದೆಂಥ ಗ್ರಹಚಾರ? ಮೇಜಿನ ಮೇಲಿದ್ದ ಅಲಾರಮನ್ನು ಎತ್ತಿ ಗೋಡೆಗೆ ಬಡಿಯೋಣ ಎನಿಸಿತು ಅವಳಿಗೆ.

ಅಸಲಿ ಮಾಡ್ಯೂಲ್ ಹೀಗೆ ಮಾಡದು, ನಕಲಿ ಮಾಡೀತು. ಅಸಲಿಯನ್ನು ಕಿತ್ತು ಮಾರಿ ನಕಲಿ ಕೂರಿಸಬಲ್ಲವನು ಅಲ್ಲಿ ಒಬ್ಬನೇ: ಮೂವತ್ತು ವರ್ಷ ಸುಳ್ಯದಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡಿ ಕೈ ಪಳಗಿದ್ದ ಕುಕ್ಕಪ್ಪ. ಸ್ಯಾಂಪಲ್ ಜೋಡಿಸುವವನೂ ಅವನೇ, ಪ್ಯಾಕ್ ಮಾಡುವವನೂ ಅವನೇ. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಎರಡು ಸಲವೂ ಅವಳು ಅವನಿಗೆ ಹೇಳಿದ್ದು "ಫೇಲ್" ಎಂಬ ಒಂದೇ ಮಾತು. ಮೊದಲ ಸಲ ಸಿಟ್ಟಿನಲ್ಲಿ, ಎರಡನೇ ಸಲ ಸಂಶಯದಲ್ಲಿ. ವರದಿ ತೋರಿಸಿ ಕಳ್ಳನಿಗೆ ಸುಳಿವು ಯಾಕೆ ಕೊಡಬೇಕು? ಆ ಮಾತು ಕೇಳಿದಾಗಲೆಲ್ಲ ಅವನ ಮುಖ ಕಪ್ಪಿಡುತ್ತಿತ್ತು. ಅದನ್ನೂ ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದಳು.

ಈಗ ಇದು ಮೂರನೆಯದು. ಇನ್ನೊಂದಕ್ಕೆ ದಿನ ಉಳಿದಿರಲಿಲ್ಲ. ನುಸೈಬಾ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

"ಟೇಪು ಬಿಚ್ಚಿ ಕುಕ್ಕಪ್ಪಣ್ಣ. ಒಳಗೆ ಎಂತ ಬದಲಿಸಿದ್ದೀರಿ?"

ಕುಕ್ಕಪ್ಪನ ಕೈ ನಿಂತಿತು. "ನಿಮಗೆ ಗೊತ್ತಾಯ್ತಾ?"

"ಮೂರು ಸಲವೂ ಬದಲಿಸಿದ್ದೀರಲ್ಲ?"

"ಹೌದು. ಹೇಳಿದ್ರೆ ನೀವು ಬೇಡ ಹೇಳ್ತೀರಿ ಅಂತ ಹೇಳ್ಲಿಲ್ಲ."

"ನಂಬಿದವಳ ಬುಡಕ್ಕೇ ಕೊಡಲಿ ಹಾಕಿದ್ರಲ್ಲ ಮಾರಾಯ್ರೆ! ಅಸಲಿ ಮಾಡ್ಯೂಲ್ ಎಲ್ಲಿ?"

"ಮಾಡ್ಯೂಲಾ? ಅದು ಅಲ್ಲೇ ಉಂಟಲ್ಲ." ಕುಕ್ಕಪ್ಪ ಗಲಿಬಿಲಿಯಿಂದ ಟೇಪು ಹರಿದು, ಡಬ್ಬಿಯ ಮುಚ್ಚಳ ತೆಗೆದು ಅವಳತ್ತ ತಿರುಗಿಸಿದ.

"ಪರೀಕ್ಷೆಗೆ ಹೋಗುದಲ್ವಾ ಅಂತ ಮೊದಲ ಸಲ ಇದ್ದದ್ದು ತೆಗ್ದು ಒಳ್ಳೆ ಆಂಟೆನಾ ಹಾಕಿದೆ, ನೀವು ಫೇಲ್ ಅಂದ್ರಿ, ಸಿಗ್ನಲ್ ಸಾಲ್ಲಿಲ್ಲ ಅಂತ ಎರಡನೇ ಸಲ ಇನ್ನೂ ಪವರಿನದ್ದು ಹಾಕಿದೆ, ಅದೂ ಫೇಲ್, ಇದು ಕಾಸರಗೋಡಿನಿಂದ ತರಿಸಿದ್ದು ಮೇಡಂ, ಇದಕ್ಕಿಂತ ಜೋರು ಸಿಗ್ನಲ್ ಎಲ್ಲೂ ಸಿಗುದಿಲ್ಲ."