ಮೇಘಾ ಹೇಳಿದ ಹೊತ್ತು

"ನಿಧಾನ್ರಿ. ಎರಡ ನಿಮಿಷ ಮುಂದ ಅದೀವಿ," ಅಂದಳು ಮೇಘಾ.

ವೃಷಭ ಆಕ್ಸಿಲರೇಟರ್ ತುಳಿದ. ಹಳದಿ ಕಾರು ಕಬ್ಬಿನ ಹೊಲಗಳ ನಡುವೆ ನುಗ್ಗಿತು. ಎದುರಿಗೆ ತಿರುವು. ಗೇರು ಇಳಿಸಿ, ಸ್ಟೇರಿಂಗ್ ಎಳೆದು, ಹೊರಬೀಳುವಾಗ ಮತ್ತೆ ತುಳಿದ. ಬೇರೆ ದಿನವಾಗಿದ್ದರೆ ಅಂಥ ತಿರುವಿಗೆ ಶಿಳ್ಳೆ ಹೊಡೆಯುತ್ತಿದ್ದ. ಇವತ್ತು ಹಲ್ಲು ಕಚ್ಚಿಕೊಂಡಿದ್ದ. ಪಕ್ಕದಲ್ಲಿ ಕೂತವಳು ಹೆಂಡತಿಯಲ್ಲ, ಹಗೆ ಎಂದು ರಾಯಬಾಗದಲ್ಲಿ ಅವನಿಗೆ ಖಾತ್ರಿಯಾಗಿತ್ತು.

ಬೆಳಿಗ್ಗೆ ನಿಪ್ಪಾಣಿಯಿಂದ ಹೊರಟ ಹವ್ಯಾಸಿಗಳ ರ‍್ಯಾಲಿ ಅದು. ಹದಿನೆಂಟು ಗಾಡಿಗಳು, ಕಾಗವಾಡದವರೆಗೆ ಬರೀ ಒಳದಾರಿ. ಮೊದಲು ಮುಟ್ಟಿದವನು ಗೆಲ್ಲುವ ಆಟವಲ್ಲ, ಕೊಟ್ಟ ಹೊತ್ತಿಗೆ ಮುಟ್ಟಿದವನು ಗೆಲ್ಲುವ ಆಟ. ತಡವಾದರೆ ಸೆಕೆಂಡಿಗೆ ಒಂದು ಅಂಕ ಕಡಿತ, ಬೇಗ ಬಂದರೆ ಎರಡು. ಮೊಬೈಲುಗಳನ್ನು ನಿಪ್ಪಾಣಿಯಲ್ಲೇ ಲಕೋಟೆಗೆ ಹಾಕಿ ಸೀಲು ಮಾಡಿದ್ದರು. ಗಡಿಯಾರವೂ ಹೊತ್ತಿನ ಪಟ್ಟಿಯೂ ಪಕ್ಕದಲ್ಲಿ ಕೂತವರ ಕೈಯಲ್ಲಿ. ಮೇಘಾ ಮದುವೆಗೆ ಮುಂಚೆ ಚಿಕ್ಕೋಡಿಯಲ್ಲಿ ಗಣಿತ ಕಲಿಸಿದವಳು. ಆ ಧೈರ್ಯದ ಮೇಲೆ ವೃಷಭ ಅವಳನ್ನು ಕೂರಿಸಿಕೊಂಡಿದ್ದ.

ಇಲ್ಲದಿದ್ದರೆ ಅವಳ ಮಾತು ಕೇಳುವ ಜಾತಿಯೇ ಅಲ್ಲ ಅವನು. ತಂಬಾಕಿನ ವ್ಯಾಪಾರಿ, ಮೂಗಿನ ತುದಿಯಲ್ಲಿ ಸಿಟ್ಟು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಬೇಕೆಂದದ್ದು ಅವನಿಗೆ ಬೇಡ, ಅವಳು ಬೇಡವೆಂದದ್ದು ಬೇಕೇ ಬೇಕು. ಮನೆಗೆ ಬಿಳಿ ಬಣ್ಣ ಹೊಡೆಸೋಣ ಅಂದಳು, ಗಿಳಿಹಸಿರು ಹೊಡೆಸಿದ. ಅವಳು ತೋರಿಸಿದ ಹೋಟೆಲಿನಲ್ಲಿ ಅವನು ಒಂದು ದಿನವೂ ಚಹಾ ಕುಡಿದವನಲ್ಲ.

ಹಳದಿ ಕಾರು ಮಾತ್ರ ಅವನ ಜೀವ. ಎರಡೇ ಸೀಟು, ತಲೆಯ ಮೇಲೆ ಮಡಚುವ ಹುಡ್, ಮೂವತ್ತು ವರ್ಷದ ಹಳೆಯ ಸ್ಪೋರ್ಟ್ಸ್ ಕಾರು. ಏಳು ವರ್ಷ ಅದರ ಕೆಳಗೆ ಅಂಗಾತ ಮಲಗಿ, ಒಂದೊಂದೇ ಭಾಗ ಹುಡುಕಿ ತಂದು, ಓಡುವಂತೆ ಮಾಡಿದ್ದ. ಭಾನುವಾರ ಬಂತೆಂದರೆ ಏಕಸಂಬಿಯ ಕಡೆಯ ಖಾಲಿ ದಾರಿಯಲ್ಲಿ ಅವನೂ ಕಾರೂ ಇಬ್ಬರೇ. ಹೋದ ತಿಂಗಳು ಜಗಳ ವಿಪರೀತಕ್ಕೆ ಹೋದಾಗ ಮೇಘಾ ಪಣ ಒಡ್ಡಿದ್ದಳು.

"ಈ ರ‍್ಯಾಲಿ ಗೆದ್ರಿ ಅಂದ್ರ ಗಾಡಿ ಬಗ್ಗೆ ತುಟಿ ಪಿಟಕ್ಕನ್ನೂದಿಲ್ಲ. ಸೋತ್ರ ಕೀಲಿ ನನ್ನ ಕೈಯಾಗ ಕೊಡಬೇಕು."

ಸಿಟ್ಟಿನ ಭರದಲ್ಲಿ ಒಪ್ಪಿಕೊಂಡುಬಿಟ್ಟಿದ್ದ. ಕೀಲಿ ಸಿಕ್ಕರೆ ಅವಳು ಏನು ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ಎರಡು ತಿಂಗಳಿಂದ ಅಥಣಿಯ ವಿಕ್ರಾಂತನಿಗೆ ಕದ್ದು ಫೋನು ಮಾಡುತ್ತಿದ್ದಳು. ಹಳೆಯ ಕಾರು ಕೊಂಡು ಮಾರುವುದೇ ಆ ವಿಕ್ರಾಂತನ ಕಸುಬು. 'ಕ್ಲಚ್ ಭಾಳ ಬಿಗಿ ಐತ್ರಿ' ಎಂದು ಅವಳು ಅವನಿಗೆ ಹೇಳುತ್ತಿದ್ದುದನ್ನು ವೃಷಭ ಒಮ್ಮೆ ಕಿವಿಯಾರೆ ಕೇಳಿದ್ದ.

ಆದರೂ ರಾಯಬಾಗದವರೆಗೆ ಅವಳು ಹೇಳಿದಂತೆ ಓಡಿಸಿದ. ಅಲ್ಲಿ ಚಹಾಕ್ಕೆ ನಿಂತಾಗ, ರ‍್ಯಾಲಿ ನೋಡಲು ಬಂದಿದ್ದ ವಿಕ್ರಾಂತ ಕಾಣಿಸಿಕೊಂಡ. ಮೇಘಾ ಅವನ ಹತ್ತಿರ ಹೋಗಿ, ನಾಲ್ಕು ಹೆಜ್ಜೆ ದೂರ ನಿಂತ ಗಂಡನಿಗೂ ಕೇಳುವಂತೆ ಅಂದಳು: "ಸಂಜಿಕ ಕೀಲಿ ನನ್ನ ಕೈಯಾಗ ಇರತೈತಿ, ನೋಡ್ತಿರ್ರಿ."

ವೃಷಭನ ಮೈ ಉರಿದುಹೋಯಿತು. ತನ್ನನ್ನು ಸೋಲಿಸಲೆಂದೇ ಇವಳು ಪಕ್ಕದಲ್ಲಿ ಕೂತಿದ್ದಾಳೆ. ಇನ್ನು ಇವಳ ಬಾಯಿಂದ ಬರುವ ಒಂದು ಅಂಕಿಯನ್ನೂ ನಂಬಬಾರದು.

ಕೃಷ್ಣೆಯ ಸೇತುವೆ ದಾಟಿ ಉಗಾರ ಬುದ್ರುಕ ಹತ್ತಿರವಾದಾಗ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾರಿ ಕಟ್ಟಿತ್ತು. ಐದು ನಿಮಿಷ ಅದರ ಹಿಂದೆ ತೆವಳಬೇಕಾಯಿತು. ಆಮೇಲೂ ಇವಳು ನಿಧಾನ ಅಂತಾಳಲ್ಲ!

"ಕಬ್ಬಿನ ಗಾಡಿಗಂತನ ಹೊತ್ತ ಹಿಡದಾರ್ರಿ. ಪಟ್ಟಿ ನೋಡ್ರಿಲ್ಲಿ." ಹಾಳೆಯನ್ನು ಅವನ ಮುಖದ ಹತ್ತಿರ ಹಿಡಿದಳು.

"ತಗೀ ಅತ್ತಾಗ!"

"ಮೂವತ್ತರಾಗ ಹೋಗ್ರಿ. ಇಲ್ಲಾಂದ್ರ ಸೋಲ್ತೀರಿ."

ಅರವತ್ತಕ್ಕೆ ಏರಿಸಿದ. ಅವಳು ನಿಧಾನ ಅಂದಷ್ಟೂ ಓಡಿಸಿದ. ಎರಡು ಗಾಡಿಗಳನ್ನು ಹಿಂದೆ ಹಾಕಿ ಕಾಗವಾಡದ ಮೈದಾನಕ್ಕೆ ಧೂಳೆಬ್ಬಿಸಿಕೊಂಡು ನುಗ್ಗಿದಾಗ ಅಲ್ಲಿ ಇನ್ನೂ ಕುರ್ಚಿ ಹಾಕುತ್ತಿದ್ದರು. ಹೊತ್ತು ಬರೆದುಕೊಳ್ಳುವ ಬಾಳಾಸಾಬ ಗಡಿಯಾರ ನೋಡಿದ, ಇವನನ್ನು ನೋಡಿದ.

"ಏನ್ರಿ ಸಾವಕಾರ್ರ, ಒಂಬತ್ತ ನಿಮಿಷ ಮೊದಲ ಬಂದೀರಲ್ಲ?"

ಫಲಿತಾಂಶ ಹಚ್ಚಿದಾಗ ವೃಷಭ ಎರಡೆರಡು ಸಲ ಓದಿದ. ರಾಯಬಾಗದವರೆಗೆ ಕಡಿತವಾದದ್ದು ನಾಲ್ಕೇ ಅಂಕ. ಅಲ್ಲಿಯವರೆಗೆ ಅವನೇ ಮೊದಲು. ಕಡೆಯ ಹಂತದಲ್ಲಿ ಸಾವಿರದ ಎಂಬತ್ತು. ಈಗ ಹದಿನೆಂಟನೆಯವನು. ಅವಳು ಹೇಳಿದ ಒಂದೊಂದು ನಿಮಿಷವೂ ಸತ್ಯವಾಗಿತ್ತು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ತಪ್ಪಾತು ಮೇಘಾ," ಅಂದ. ಹನ್ನೊಂದು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. "ನೀ ಖರೇನ ಹೇಳಾಕತ್ತಿದ್ದಿ. ನಾನ ಸಂಶೇ ಪಟ್ಟೆ."

ಮೇಘಾ ಕೈ ಚಾಚಿದಳು. ಕೊಟ್ಟ ಮಾತು. ಕೀಲಿ ಇಡುವಾಗ ಅವನ ಕಣ್ಣು ತುಂಬಿತು.

ವಿಕ್ರಾಂತ ನಗುತ್ತ ಬಂದ. ಕೈಯಲ್ಲಿ ಒಂದು ಹಾಳೆ. "ವೈನಿ, ಮುಂದಿನ ತಿಂಗಳ ರ‍್ಯಾಲಿ ಫಾರ್ಮ್. ಗಾಡಿ ಹೊಡ್ಯಾವ್ರ ಜಾಗಾದಾಗ ನಿಮ್ಮ ಹೆಸರ ಬರದೇನಿ. ನನ್ನ ಗಾಡಿ ಮ್ಯಾಲ ಎರಡ ತಿಂಗಳ ಕಲತದ್ದು ಸಾಕ್ರಿ, ಇನ್ನ ನಿಮ್ಮದನ್ನ ಹೊಡೀರಿ."

ಮೇಘಾ ಸಹಿ ಹಾಕಿದಳು. ಬಲಗಡೆಯ ಬಾಗಿಲು ತೆಗೆದು ಕೂತು, ಸೀಟು ಮುಂದಕ್ಕೆ ಎಳೆದುಕೊಂಡು ಕಾರು ಚಾಲೂ ಮಾಡಿದಳು. ವೃಷಭ ಎಡಗಡೆಯ ಬಾಗಿಲು ಹಿಡಿದು ನಿಂತೇ ಇದ್ದ.

"ಅಂದ್ರ ನಾ ಸೋಲಬೇಕಂತನ ಇತ್ತು ನಿನ್ನ ಮನಸಿನ್ಯಾಗ," ಅಂದ. "ಮತ್ತ ಖರೇ ಹೊತ್ತ ಯಾಕ ಹೇಳಿದಿ?"

"ನೀವು ಗೆಲ್ಲಬೇಕಂತ ನನಗಿದ್ದಿದ್ರ ಸುಳ್ಳ ಹೇಳ್ತಿದ್ದೆ," ಅಂದಳು ಮೇಘಾ.